ನಂಬದ ನಮಗೇಕೆ ದೇವರ ಮಾತು?

ಸಭೆ ಮುಗಿದು ಜಮಖಾನ ಸುತ್ತುವ ಹೊತ್ತಿಗೆ ಒಬ್ಬರಲ್ಲ ಒಬ್ಬರು ಈ ಮಾತು ಎತ್ತೇ ಎತ್ತುತ್ತಾರೆ. "ಏನ್ರಯ್ಯಾ, ನಿಮಗೆ ದೇವರಿಲ್ಲ ಅಂದಮೇಲೆ ಮುಗೀತಲ್ಲ. ನಂಬೋರನ್ನ ಯಾಕೆ ಕೆಣಕ್ತೀರಿ? ಇದ್ದರೆ ಇರಲಿ ಬಿಡಿ, ನಿಮ್ಮ ಗಂಟೇನು ಹೋಯ್ತು?" ಕೇಳುವವರು ಕೆಟ್ಟವರೇನಲ್ಲ. ಎಷ್ಟೋ ಸಲ ನಮ್ಮ ಹಾಸ್ಟೆಲಿನವರೇ. ಪರೀಕ್ಷೆಯ ದಿನ ಹಾಲ್ ಟಿಕೆಟ್ಟನ್ನು ಪಟದ ಮುಂದೆ ಇಟ್ಟು, ಕಣ್ಣಿಗೊತ್ತಿಕೊಂಡು ಹೋಗುವ ಗೆಳೆಯರು. ಇನ್ನು ಕೆಲವರು ಸ್ವಲ್ಪ ಜಾಣರು. ಅವರು ನಗುತ್ತಾ ಬೇರೆ ಬಾಣ ಬಿಡುತ್ತಾರೆ: "ದೇವರಿಲ್ಲ ಅನ್ನೋರ ಬಾಯಲ್ಲೇ ದೇವರ ಹೆಸರು ಜಾಸ್ತಿ. ಒಳಗೊಳಗೇ ನಿಮಗೂ ನಂಬಿಕೆ ಇದೆ, ಒಪ್ಕೊಂಡ್ಬಿಡಿ!"

ಗಂಟು ಹೋಗಿದೆ ಸ್ವಾಮಿ. ನಮ್ಮದೇ ಹೋಗಿದೆ. ಅದಕ್ಕೇ ಕೇಳುತ್ತಿದ್ದೇವೆ.

ಜೀತವನ್ನು 1976ರ ಕಾನೂನು ರದ್ದು ಮಾಡಿತು. ಆದರೆ ಜೀತಕ್ಕಿದ್ದ ಹಿರಿಯರು ನಮ್ಮ ಕೇರಿಗಳಲ್ಲಿ ಇನ್ನೂ ಇದ್ದಾರೆ, ಹೋಗಿ ಕೇಳಿ ನೋಡಿ. ಸಾಲ ಮಾಡಿದವನು ತಾತ. ಪತ್ರಕ್ಕೆ ಹೆಬ್ಬೆಟ್ಟು ಒತ್ತಿದವನೂ ತಾತ. ಧಣಿಯ ಮನೆಯ ದನ ಕಾಯಲು ಹೋದವನು ಮಾತ್ರ ಮೊಮ್ಮಗ. ಆ ಮೊಮ್ಮಗ ಒಂದು ದಿನ ಅಕ್ಷರ ಬಲ್ಲವರ ಹತ್ತಿರ ಹೋಗಿ "ಈ ಪತ್ರದಲ್ಲಿ ಏನು ಬರೆದಿದೆ, ಓದಿ ಹೇಳಿ" ಎಂದು ಕೇಳಿದರೆ, "ನಿನಗೆ ಸಾಲದ ಮೇಲೆ ಒಳಗೊಳಗೇ ಪ್ರೀತಿ" ಎಂದು ಯಾರಾದರೂ ಅಂದಾರೆಯೇ? ದೇವರ ಹೆಸರಿನ ಪತ್ರವೂ ಅಂಥದ್ದೇ. ನಾವು ರುಜು ಹಾಕಿಲ್ಲ. ನಂಬಿದರೂ ಬಿಟ್ಟರೂ ಅದರ ಷರತ್ತು ನಮ್ಮ ಮೈಮೇಲೆ ಜಾರಿಯಾಗುತ್ತದೆ.

2021ರ ಸೆಪ್ಟೆಂಬರ್. ಕೊಪ್ಪಳ ಜಿಲ್ಲೆ ಕುಷ್ಟಗಿ ತಾಲ್ಲೂಕಿನ ಮಿಯಾಪುರ. ಹುಟ್ಟುಹಬ್ಬದ ದಿನ ಒಂದು ಪುಟ್ಟ ಮಗು ಅಪ್ಪನ ಜೊತೆ ಹನುಮಂತನಿಗೆ ಕೈಮುಗಿಯಲು ಬಂತು. ಕೈಮುಗಿಯುವುದು ಹೊರಗಿನಿಂದಲೇ, ಅದು ಆ ಊರಿನ ಕಟ್ಟಳೆ. ಮಳೆ ಹನಿಯಿತು. ಮಗು ಗುಡಿಯೊಳಕ್ಕೆ ಓಡಿತು. ಅಷ್ಟಕ್ಕೇ ಗುಡಿ ಮೈಲಿಗೆಯಾಯಿತಂತೆ! ಶುದ್ಧಿಯ ಖರ್ಚು ಕೊಡಿ ಎಂದು ಆ ಮನೆಯವರಿಗೆ ದಂಡ ಹಾಕಿದರು. ದೇವರಿದ್ದಾನೋ ಇಲ್ಲವೋ ಎಂಬ ವಿಚಾರದಲ್ಲಿ ಆ ಮಗುವಿಗೆ ಯಾವ ಅಭಿಪ್ರಾಯವೂ ಇರಲಿಲ್ಲ. ಅದಕ್ಕೆ ಗೊತ್ತಿದ್ದದ್ದು ಮಳೆ ಒಂದೇ.

ಮರುವರ್ಷ, 2022ರ ಸೆಪ್ಟೆಂಬರಿನಲ್ಲೇ, ಕೋಲಾರ ಜಿಲ್ಲೆ ಮಾಲೂರು ತಾಲ್ಲೂಕಿನ ಉಳ್ಳೇರಹಳ್ಳಿ. ಊರ ದೇವರ ಉತ್ಸವದ ಹೊತ್ತಿನಲ್ಲಿ ದೇವರಿಗೆ ಸೇರಿದ ಕೋಲನ್ನು 15 ವರ್ಷದ ದಲಿತ ಹುಡುಗ ಮುಟ್ಟಿದ. ದಂಡ ಎಷ್ಟು ಗೊತ್ತೇ? 60,000 ರೂಪಾಯಿ! ಕೂಲಿ ಮಾಡುವ ಮನೆಗೆ! ಸುದ್ದಿ ಹೊರಬಿತ್ತು, ಕೇಸಾಯಿತು. ಅದು ಒಂದು ಕಡೆ. ಆ ಮನೆಯವರು ಮಾಡಿದ ಇನ್ನೊಂದು ಕೆಲಸ ನಮ್ಮ ಈ ಮಾತಿಗೆ ಮುಖ್ಯ. ಗೋಡೆ ಮೇಲಿದ್ದ ದೇವರ ಪಟಗಳನ್ನು ಇಳಿಸಿ ಅಲ್ಲಿ ಬುದ್ಧ, ಅಂಬೇಡ್ಕರರ ಪಟ ಹಾಕಿದರು. ಅವರೇನು ನಾಸ್ತಿಕರ ಪುಸ್ತಕ ಓದಿ ಹೀಗೆ ಮಾಡಿದವರಲ್ಲ. ದೇವರಿಗೆ ನಾವು ಬೇಡವಾದರೆ ನಮಗೆ ಆ ದೇವರು ಯಾಕೆ ಎಂಬ ಪ್ರಶ್ನೆ ಆ ಮನೆಯೊಳಗೇ ಹುಟ್ಟಿತು.

"ಕೇಸಾಯ್ತಲ್ಲ, ಕಾನೂನಿದೆಯಲ್ಲ, ದೇವರನ್ನ ಯಾಕೆ ನಡುವೆ ಎಳೀತೀರಿ?" ಎನ್ನುತ್ತಾರೆ ನಮ್ಮ ಜಾಣರು. ಎಳೆದವರು ನಾವೇ? ದಂಡ ಹಾಕಿದ ಯಜಮಾನನನ್ನು ನಿಲ್ಲಿಸಿ ಕೇಳಿ. ಅವನು "ನನಗೆ ನಿಮ್ಮ ಮೇಲೆ ದ್ವೇಷ" ಎಂದು ಹೇಳುವುದೇ ಇಲ್ಲ. "ನಾನೇನಪ್ಪಾ ಮಾಡ್ಲಿ, ನಂದೇನೂ ಇಲ್ಲ. ದೇವರಿಗೆ ಮೈಲಿಗೆ ಆಗ್ತದೆ, ಅಮ್ಮ ಮುನೀತಾಳೆ, ಊರಿಗೆ ಕೇಡು" ಎನ್ನುತ್ತಾನೆ. ನೋಡಿ ಎಷ್ಟು ಸಲೀಸು! ಕೈ ಅವನದು, ಏಟು ನಮಗೆ, ಹೊಣೆ ಮಾತ್ರ ದೇವರದು. ಅವನೇ ಹೊಣೆಯನ್ನು ಅಷ್ಟು ಮೇಲಕ್ಕೆ ದಾಟಿಸಿದ ಮೇಲೆ ನಮ್ಮ ಪ್ರಶ್ನೆಯೂ ಅಲ್ಲಿಯವರೆಗೆ ಹೋಗಬೇಕಲ್ಲವೇ? ನಡುದಾರಿಯಲ್ಲಿ ನಿಲ್ಲಿಸಿ "ಇಲ್ಲಿಂದಾಚೆ ನಂಬಿಕೆಯ ಜಾಗ, ಪ್ರಶ್ನೆಗೆ ಪ್ರವೇಶವಿಲ್ಲ" ಎಂದು ಬೋರ್ಡು ಹಾಕಿದರೆ ಅದೂ ಒಂದು ಗುಡಿಯ ಬಾಗಿಲೇ.

ಬಾಬಾಸಾಹೇಬರು ಇದನ್ನು 1936ರಲ್ಲೇ ಬಿಡಿಸಿ ಹೇಳಿದ್ದಾರೆ. ಲಾಹೋರಿನ ಜಾತ್-ಪಾತ್ ತೋಡಕ್ ಮಂಡಲದವರು ಕರೆದು, ಭಾಷಣದ ಕರಡು ನೋಡಿ ಹೆದರಿ ಸಭೆಯನ್ನೇ ರದ್ದು ಮಾಡಿದರಲ್ಲ, ಆ 'ಜಾತಿ ವಿನಾಶ'ದಲ್ಲಿ. ಜನ ಜಾತಿ ಆಚರಿಸುವುದು ಅವರು ರಾಕ್ಷಸರೆಂಬ ಕಾರಣಕ್ಕಲ್ಲ, ಆಳವಾದ ಧರ್ಮಶ್ರದ್ಧೆ ಇರುವುದರಿಂದ. ಆದ್ದರಿಂದ ಜನರ ಮೇಲೆ ಹರಿಹಾಯುವ ಬದಲು ಆ ಶ್ರದ್ಧೆಯನ್ನು ಕಲಿಸಿದ ಶಾಸ್ತ್ರದ ಅಧಿಕಾರವನ್ನೇ ಪ್ರಶ್ನಿಸಿ ಎಂಬುದು ಅವರ ವಾದ. ಈ ಮಾತನ್ನು ನಾವು ಎರಡು ಸಲ ಓದಬೇಕು. ನಂಬುವವನನ್ನು ಕೇಳುವುದು ಅವನನ್ನು ಕೀಳು ಮಾಡುವುದಕ್ಕಲ್ಲ. ಅವನ ಒಳ್ಳೆಯತನ ಎಲ್ಲಿ ಸಿಕ್ಕಿಹಾಕಿಕೊಂಡಿದೆ ಎಂದು ಹುಡುಕುವುದಕ್ಕೆ. ಮನೆಯ ನಾಯಿಗೆ ಅನ್ನ ಹಾಕಿ, ಇರುವೆ ಗೂಡಿಗೆ ಸಕ್ಕರೆ ಚೆಲ್ಲುವ ಮನುಷ್ಯ ನಮ್ಮ ಅವ್ವನಿಗೆ ನೀರನ್ನು ಎತ್ತರದಿಂದ ಹುಯ್ಯುತ್ತಿದ್ದ. ಅವನಲ್ಲಿ ಕರುಣೆ ಇಲ್ಲವೆಂದು ಹೇಗೆ ಹೇಳುವುದು? ಇತ್ತು. ಅದು ಯಾರವರೆಗೆ ಹರಿಯಬೇಕು, ಎಲ್ಲಿ ನಿಲ್ಲಬೇಕು ಎಂಬುದನ್ನು ಬೇರೆ ಯಾರೋ ತೀರ್ಮಾನ ಮಾಡಿದ್ದರು.

"ನಂಬಿಕೆ ವೈಯಕ್ತಿಕ" ಎಂಬ ಮಾತೂ ಚಾಲ್ತಿಯಲ್ಲಿದೆ. ಬಹಳ ಚೆಂದದ ಮಾತು. ಆದರೆ ನಮ್ಮ ವಿಷಯದಲ್ಲಿ ಅದನ್ನು ಯಾರೂ ಪಾಲಿಸುವುದಿಲ್ಲ. ಪರಿಶಿಷ್ಟ ಜಾತಿಗಳ ಬಗ್ಗೆ 1950ರಲ್ಲಿ ಹೊರಟ ರಾಷ್ಟ್ರಪತಿಗಳ ಆದೇಶ ತೆಗೆದು ನೋಡಿ. ಹಿಂದೂ ಅಲ್ಲದವನು ಪರಿಶಿಷ್ಟ ಜಾತಿಯವನಲ್ಲ ಎಂದಿತು ಅದು. 1956ರಲ್ಲಿ ಸಿಖ್ಖರನ್ನು ಸೇರಿಸಿದರು, 1990ರಲ್ಲಿ ಬೌದ್ಧರನ್ನು ಸೇರಿಸಿದರು. ಕ್ರೈಸ್ತರಾದವರು, ಮುಸಲ್ಮಾನರಾದವರು ಹೊರಗೇ. ಅವರನ್ನು ಜಾತಿ ಬಿಟ್ಟಿದೆಯೇ? ಕ್ರೈಸ್ತರಾದ ನಮ್ಮವರಿಗೆ ಬೇರೆ ಸ್ಮಶಾನ, ಬೇರೆ ಸಾಲು ಮಾಡಿದ ಚರ್ಚುಗಳು ದಕ್ಷಿಣ ಭಾರತದಲ್ಲೇ ಇವೆ. ಅಂದರೆ ನಮ್ಮ ವಿದ್ಯಾರ್ಥಿವೇತನದ ಅರ್ಜಿಯ ಹಿಂದೆ ಕೂಡ "ನಿನ್ನ ಧರ್ಮ ಯಾವುದು" ಎಂಬ ಪ್ರಶ್ನೆ ನಿಂತಿದೆ. ಸರ್ಕಾರ ನಮ್ಮನ್ನು ಕೇಳಬಹುದು. ಊರು ಕೇಳಬಹುದು. ಬಾಡಿಗೆ ಮನೆಯ ಓನರು ಅಡ್ವಾನ್ಸ್ ಮಾತಾಡುವ ಮುಂಚೆಯೇ ಸುತ್ತಿ ಬಳಸಿ ಕೇಳಬಹುದು. ನಾವು ತಿರುಗಿ ಕೇಳಿದರೆ ಮಾತ್ರ ಅದು ವೈಯಕ್ತಿಕ!

ಇನ್ನು ಈ ಕೇಳುವ ಕೆಲಸ ಪರದೇಶದಿಂದ ಬಂದದ್ದು, ಇಂಗ್ಲಿಷ್ ಓದಿದವರ ತೀಟೆ ಎನ್ನುವವರಿಗೆ ಒಂದು ಮಾತು. ಪಾಳಿ ಭಾಷೆಯ ದೀಘನಿಕಾಯದಲ್ಲಿ ತೇವಿಜ್ಜ ಸುತ್ತ ಅಂತ ಒಂದಿದೆ. ವಾಸೆಟ್ಠ, ಭಾರದ್ವಾಜ ಎಂಬ ಇಬ್ಬರು ಬ್ರಾಹ್ಮಣ ಹುಡುಗರು. ನಮ್ಮ ಹಾಗೇ ವಿದ್ಯಾರ್ಥಿಗಳು. ಬ್ರಹ್ಮನನ್ನು ಸೇರಲು ನಮ್ಮ ಗುರು ಹೇಳಿದ ದಾರಿ ಸರಿ, ನಮ್ಮ ಗುರು ಹೇಳಿದ್ದು ಸರಿ ಎಂದು ಜಗಳ ಹತ್ತಿ ಬುದ್ಧನ ಹತ್ತಿರ ಬರುತ್ತಾರೆ. ಬುದ್ಧ ಬೈಯುವುದಿಲ್ಲ, ನಗುವುದೂ ಇಲ್ಲ. ಕೇಳುತ್ತಾನೆ. ನಿಮ್ಮ ಗುರುಗಳಲ್ಲಿ ಯಾರಾದರೂ ಬ್ರಹ್ಮನನ್ನು ಎದುರಾಎದುರು ಕಂಡಿದ್ದಾರೆಯೇ? ಇಲ್ಲ. ಅವರ ಗುರುಗಳು? ಇಲ್ಲ. ಏಳು ತಲೆಮಾರು ಹಿಂದಿನವರು? ಮಂತ್ರ ಕಟ್ಟಿದ ಋಷಿಗಳು? ಅವರೂ ಇಲ್ಲ. ಹಾಗಾದರೆ ಇದು ಒಬ್ಬರ ಹಿಂದೊಬ್ಬರು ಹಿಡಿದುಕೊಂಡು ಹೊರಟ ಕುರುಡರ ಸಾಲಲ್ಲವೇ, ಅರಮನೆ ಎಲ್ಲಿದೆಯೆಂದು ಗೊತ್ತಿಲ್ಲದೆ ಅದಕ್ಕೆ ಮೆಟ್ಟಿಲು ಕಟ್ಟುವ ಕೆಲಸವಲ್ಲವೇ ಎನ್ನುತ್ತಾನೆ. ಕೊನೆಗೆ ಆ ಹುಡುಗರು ಅವನನ್ನೇ ಅನುಸರಿಸುತ್ತಾರೆ. ಎರಡೂವರೆ ಸಾವಿರ ವರ್ಷದ ಹಿಂದಿನ ಪ್ರಶ್ನೆ ಇದು, ನಮ್ಮ ಇದೇ ನೆಲದ್ದು. ಪ್ರಶ್ನೆಯ ವಿಧಾನವನ್ನೂ ಗಮನಿಸಿ. ಬುದ್ಧ ತನ್ನ ಅಭಿಪ್ರಾಯ ಹೇಳಿ ಶುರು ಮಾಡಲಿಲ್ಲ. ಅವರ ಮಾತನ್ನೇ ಅವರ ಕೈಗೆ ಕೊಟ್ಟು ನೋಡಿಕೊಳ್ಳಿ ಎಂದ.

ಭಗತ್ ಸಿಂಗ್ ಕೇಳಿದ್ದು ಬೇರೆ ಥರ. ಲಾಹೋರಿನ ಜೈಲಿನಲ್ಲಿ ನೇಣಿನ ಶಿಕ್ಷೆ ಎದುರಿಗಿಟ್ಟುಕೊಂಡು 1930ರ ಅಕ್ಟೋಬರಿನಲ್ಲಿ 'ನಾನೇಕೆ ನಾಸ್ತಿಕ' ಬರೆದ. 23 ವರ್ಷದವನು. ಇವನ ನಾಸ್ತಿಕತೆ ಹೆಸರು ಬಂದದ್ದರ ಅಹಂಕಾರ ಎಂದು ಅಂದವರಿದ್ದರು. ಅವನು ಆಸ್ತಿಕರಿಗೆ ಹಾಕಿದ ಸವಾಲುಗಳಲ್ಲಿ ನಮ್ಮ ಎದೆಗೆ ನಾಟುವುದು ಒಂದು: ಹಿಂದಿನ ಜನ್ಮದ ಪಾಪ ಎನ್ನುತ್ತೀರಲ್ಲ, ಚಮ್ಮಾರನ ಮನೆಯಲ್ಲೋ ಜಾಡಮಾಲಿಯ ಮನೆಯಲ್ಲೋ ಹುಟ್ಟಿದ ಮಗು ಓದಲಾಗದೆ, ಮೇಲಿನವರ ತಿರಸ್ಕಾರ ಉಂಡು, ಹಸಿವಿಗೆ ತಪ್ಪು ಮಾಡಿದರೆ ಆ ಹೊಣೆ ಯಾರದು? ಈ ಪ್ರಶ್ನೆಗೆ ಕರ್ಮ ಸಿದ್ಧಾಂತದ ಪಂಡಿತರು ಕೊಟ್ಟ ಉತ್ತರ ನಮಗಂತೂ ಇನ್ನೂ ತಲುಪಿಲ್ಲ.

ನಮ್ಮ ಕಡೆಯವರೇ ಆದ ಎಚ್. ನರಸಿಂಹಯ್ಯನವರು, ಬೆಂಗಳೂರಿನ ನ್ಯಾಷನಲ್ ಕಾಲೇಜಿನ ಹಾಸ್ಟೆಲ್ ಕೋಣೆಯಲ್ಲೇ ಬದುಕು ಕಳೆದವರು (ಹಾಸ್ಟೆಲಿನವರು ಇದನ್ನು ನೆನಪಿಡಿ), ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ 1976ರಲ್ಲಿ ಪವಾಡಗಳ ಪರೀಕ್ಷೆಗೆ ಸಮಿತಿ ಮಾಡಿದರು. ಗಾಳಿಯಿಂದ ಬೂದಿ ತೆಗೆಯುತ್ತಿದ್ದ ಸಾಯಿಬಾಬಾರಿಗೆ, ನಮ್ಮ ಮುಂದೆ ಮಾಡಿ ತೋರಿಸಿ ಎಂದು ಪತ್ರ ಬರೆದರು. ತೋಳಿನಲ್ಲಿ ಬಚ್ಚಿಡಲು ಬಾರದ ಕುಂಬಳಕಾಯಿಯಂಥದ್ದು ಬರಲಿ ಎಂಬ ಅವರ ತಮಾಷೆ ಆಗ ನಾಡಿಗೆಲ್ಲ ಹರಡಿತ್ತು. ಬಾಬಾ ಒಪ್ಪಲಿಲ್ಲ. ಆ ಧೈರ್ಯಕ್ಕೆ ನಮ್ಮ ಗೌರವವಿದೆ. ಆದರೆ ನಮಗನ್ನಿಸುವುದು ಹೇಳಿಬಿಡುತ್ತೇವೆ: ಬೂದಿ ನಿಜವಾಗಿಯೂ ಗಾಳಿಯಿಂದ ಬಂತು ಅಂತಲೇ ಇಟ್ಟುಕೊಳ್ಳಿ, ಆಗಲೂ ನಮ್ಮ ಕೇರಿಯ ಪ್ರಶ್ನೆ ಹಾಗೇ ಉಳಿಯುತ್ತದೆ. ಬೂದಿ ತೆಗೆಯುವ ಶಕ್ತಿಗೆ ನಮ್ಮವರ ಮಲ ಹೊರುವ ತಲೆ ಯಾಕೆ ಕಾಣಲಿಲ್ಲ? ದೇವರಿದ್ದಾನೆಯೇ ಎಂಬುದು ಕಾಲೇಜಿನ ಪ್ರಶ್ನೆ. ಇದ್ದರೆ ಯಾರ ಕಡೆಗಿದ್ದಾನೆ ಎಂಬುದು ಕೇರಿಯ ಪ್ರಶ್ನೆ.

ದೇವರನ್ನು ನಮ್ಮ ಪರವಾಗಿ ಎಳೆದು ತಂದವರನ್ನೂ ಕೇಳದೆ ಬಿಡಬಾರದು. 1934ರ ಜನವರಿ 15ರಂದು ಬಿಹಾರದಲ್ಲಿ ಭೂಕಂಪವಾಗಿ ಸಾವಿರಾರು ಜನ ಸತ್ತರು. ಅಸ್ಪೃಶ್ಯತೆಯ ಪಾಪಕ್ಕೆ ದೇವರು ಕೊಟ್ಟ ಶಿಕ್ಷೆ ಇದು ಎಂದರು ಗಾಂಧೀಜಿ. ಅಸ್ಪೃಶ್ಯತೆ ಹೋಗಲಿ ಎಂಬ ಅವರ ಆಸೆ ಸುಳ್ಳಲ್ಲ. ಆದರೂ ರವೀಂದ್ರನಾಥ ಠಾಕೂರರು ಆ ಮಾತನ್ನು ಬಹಿರಂಗವಾಗಿ ವಿರೋಧಿಸಿದರು. ನಮಗೂ ಕೇಳಬೇಕೆನಿಸುತ್ತದೆ: ಭೂಮಿ ನಡುಗುವಾಗ ಮುಟ್ಟದವನ ಮನೆ ಯಾವುದು, ಮುಟ್ಟಿಸಿಕೊಳ್ಳದವನ ಗುಡಿಸಲು ಯಾವುದು ಎಂದು ನೋಡಿ ಬಿತ್ತೇ? ಪಾಪ ಅವರದು, ಗೋಡೆ ನಮ್ಮ ತಲೆ ಮೇಲೂ ಬಿತ್ತು. ಇದೇ ಗಾಂಧೀಜಿ ಆಮೇಲೆ ಆಂಧ್ರದ ನಾಸ್ತಿಕ ಗೋರಾ ಅವರನ್ನು ಹತ್ತಿರ ಕೂರಿಸಿಕೊಂಡು ಗಂಟೆಗಟ್ಟಲೆ ಮಾತಾಡಿದರು ಎಂಬುದನ್ನೂ ಹೇಳಬೇಕು. ಗೋರಾ ಮಗಳ ಮದುವೆ ಅಸ್ಪೃಶ್ಯ ಜಾತಿಯ ಹುಡುಗನ ಜೊತೆ. ಅದನ್ನು ಸೇವಾಗ್ರಾಮದಲ್ಲೇ ಮಾಡಿಸುವುದಕ್ಕೆ, ದೇವರ ಹೆಸರಿನ ಬದಲು ಸತ್ಯದ ಹೆಸರಿಡುವುದಕ್ಕೆ ಗಾಂಧಿ ಒಪ್ಪಿದ್ದರು. ಮದುವೆ ಆದದ್ದು 1948ರಲ್ಲಿ, ಅವರು ಗುಂಡಿಗೆ ಬಲಿಯಾದ ಮೇಲೆ. ನಂಬುವವರೂ ನಂಬದವರೂ ಹೀಗೆ ಎದುರುಬದುರು ಕೂತು ಕೇಳಿಕೊಂಡ ಕಾಲ ಒಂದಿತ್ತು. ಈಗ ಕೇಳಿದವರಿಗೆ ಸಿಕ್ಕಿದ್ದೇನು? 2013ರಲ್ಲಿ ಪುಣೆಯಲ್ಲಿ ದಾಭೋಲ್ಕರ್, 2015ರಲ್ಲಿ ಕೊಲ್ಲಾಪುರದಲ್ಲಿ ಪಾನ್ಸರೆ, ಅದೇ ವರ್ಷ ನಮ್ಮ ಧಾರವಾಡದಲ್ಲಿ ಕಲಬುರ್ಗಿ. 2017ರಲ್ಲಿ ಕೊಯಮತ್ತೂರಿನಲ್ಲಿ ಮುಸ್ಲಿಂ ಮನೆಯಲ್ಲಿ ಹುಟ್ಟಿದ ನಾಸ್ತಿಕ ಯುವಕನೊಬ್ಬನನ್ನು ಕಡಿದು ಹಾಕಿದರು. ಇಷ್ಟು ಹೆದರಿಕೆಯೇ ಒಂದು ಪ್ರಶ್ನೆಗೆ?

ಇಲ್ಲಿಯವರೆಗೆ ಹೇಳಿದ್ದಕ್ಕೆ ಚಪ್ಪಾಳೆ ಬೀಳುತ್ತದೆ, ಗೊತ್ತು. ಇನ್ನು ಹೇಳುವುದು ಸ್ವಲ್ಪ ನಮ್ಮ ಕಾಲಿನ ಬುಡದ್ದು.

ನಮ್ಮ ಗೆಳೆಯರಲ್ಲಿ ಕೆಲವರದು ವಿಚಿತ್ರ ನಾಸ್ತಿಕತೆ. ಹಾಸ್ಟೆಲಿನಲ್ಲಿ ನಾಲ್ಕು ಪುಸ್ತಕ ಓದಿ ರಜೆಗೆ ಊರಿಗೆ ಹೋಗುತ್ತಾರೆ. ಹೋದ ದಿನವೇ ಅವ್ವ ಹಚ್ಚಿದ ದೀಪ ಆರಿಸುತ್ತಾರೆ. ಅಜ್ಜಿ ಕಟ್ಟಿಕೊಂಡ ಹರಕೆಯ ದಾರ ನೋಡಿ ನಗುತ್ತಾರೆ. "ಕಲ್ಲಿಗೆ ಕೋಳಿ ಕುಯ್ತೀಯಲ್ಲ, ಬುದ್ಧಿ ಇಲ್ವಾ ನಿಂಗೆ?" ಅದೇ ಗೆಳೆಯ ಊರ ಗೌಡರ ಮನೆ ಮುಂದೆ ಹೋಗುವಾಗ ಪಂಚೆ ಇಳಿಬಿಡುತ್ತಾನೆ. ಮಠದ ಕಾಲೇಜಿಗೆ ಅರ್ಜಿ ಹಾಕಬೇಕಾದಾಗ ಸ್ವಾಮಿಗಳ ಕಾಲಿಗೂ ಬೀಳುತ್ತಾನೆ. ಅವ್ವನ ಮುಂದೆ ಪೆರಿಯಾರ್, ಧಣಿಯ ಮುಂದೆ ನಮಸ್ಕಾರ! ಇದು ನಾಸ್ತಿಕತೆಯಲ್ಲ ಗೆಳೆಯರೇ, ದುರ್ಬಲರ ಮೇಲೆ ತೋಳು ತೋರಿಸುವ ಹಳೇ ಜಾತಿಬುದ್ಧಿಯೇ ಹೊಸ ಅಂಗಿ ತೊಟ್ಟು ಬಂದದ್ದು.

ಅವ್ವನನ್ನು ಕೇಳಬಾರದೆಂದಲ್ಲ. ಕೇಳಬೇಕು. ಆದರೆ ಪಾಟೀಸವಾಲು ಮಾಡುವ ವಕೀಲನ ಹಾಗಲ್ಲ, ಪಕ್ಕದಲ್ಲಿ ಕೂತು ಸೊಪ್ಪು ಸೋಸುತ್ತಾ ಕೇಳಬೇಕು. "ಅವ್ವಾ, ಮಾರವ್ವ ನಿಜವಾಗ್ಲೂ ಇದ್ದಾಳಾ?" ಅಂದರೆ ಕೇರಿಯ ತಾಯಂದಿರು ಏನು ಹೇಳುತ್ತಾರೆ ಗೊತ್ತೇ? "ಇದ್ದಾಳೋ ಇಲ್ವೋ ನಂಗೇನ್ ಗೊತ್ತು ಮಗಾ. ನಿಮ್ಮಪ್ಪ ಕುಡ್ದು ಬಂದಾಗ ನಾನು ಇನ್ಯಾರ ತಾವ ಹೇಳ್ಕಳ್ಳಲಿ?" ಈ ಉತ್ತರದ ಮುಂದೆ ನಮ್ಮ ತರ್ಕಶಾಸ್ತ್ರದ ನೋಟ್ಸೆಲ್ಲ ಪುಟ ಮುಚ್ಚಿಕೊಳ್ಳುತ್ತದೆ. ಮಾರ್ಕ್ಸನ ಅಫೀಮಿನ ಮಾತನ್ನು ಬಾಯಿಪಾಠ ಮಾಡಿದವರು, ಅದೇ ಜಾಗದಲ್ಲಿ ಅವನು ಧರ್ಮವನ್ನು ದಮನಿತರ ನಿಟ್ಟುಸಿರು ಎಂದೂ ಕರೆದದ್ದನ್ನು ಬಿಟ್ಟುಬಿಟ್ಟಿದ್ದಾರೆ. ಅವ್ವನಿಗೆ ಹೇಳಿಕೊಳ್ಳಲು ಇನ್ನೊಂದು ಜಾಗ ಕೊಡದೆ, ಇದ್ದ ಒಂದನ್ನು ಕಿತ್ತುಕೊಳ್ಳಲು ನಾವು ಯಾರು?

ಇನ್ನೊಂದು ಸಂಗತಿ. ಕೇರಿಯ ತಾಯಿ ದೇವರಿಗೆ ಬರೀ ಕೈಮುಗಿಯುವುದಿಲ್ಲ, ಬೈಯುತ್ತಾಳೆ ಕೂಡ. ಮಗು ಸತ್ತ ಮನೆಯಲ್ಲಿ ಕೇಳಿದ್ದೀರಾ? "ನಿನ್ನ ಕಣ್ಣು ಇಂಗೋಗಿತ್ತಾ ಮಾರವ್ವಾ, ಕೋಳಿ ಕೊಡ್ಲಿಲ್ವಾ ನಿಂಗೆ, ನಂದೇ ಬೇಕಾಗಿತ್ತಾ?" ಎಂದು ಮಣ್ಣು ತೂರುತ್ತಾಳೆ. ಲೆಕ್ಕ ಕೇಳುವುದು ಅಂದರೆ ಇದೇ ಅಲ್ಲವೇ! ಅಗ್ರಹಾರದ ದೇವರನ್ನು ಯಾರೂ ಹೀಗೆ ಕೇಳುವಂತಿಲ್ಲ, ಅವನ ಸುತ್ತ ಮಂತ್ರದ ಬೇಲಿ ಇದೆ. ನಮ್ಮ ಮಾರವ್ವ ಬೀದಿಬದಿಯಲ್ಲಿ ನಮ್ಮ ಜೊತೆಗೇ ಮಳೆಯಲ್ಲಿ ನೆನೆಯುತ್ತಾಳೆ, ಕೂಗಿದರೆ ಕೇಳುವಷ್ಟು ಹತ್ತಿರ. ಆದರೆ ಅದೇ ಮಾರವ್ವ ಊರಹಬ್ಬದ ದಿನ ಊರಿನವರ ಕೈಗೆ ಹೋದ ಕೂಡಲೇ ಏನಾಗುತ್ತದೆ ನೋಡಿ. ಅವಳನ್ನು ಎಬ್ಬಿಸಲು ನಮ್ಮ ತಮಟೆ ಬೇಕು. ಕೊಂಡಕ್ಕೆ ಸೌದೆ ಹೊರಲು ನಮ್ಮ ಹೆಗಲು ಬೇಕು. ಮೆರವಣಿಗೆ ಗುಡಿ ಮುಟ್ಟಿತೋ, ತಮಟೆಯವನು ಹೊರಗೆ ನಿಲ್ಲಬೇಕು. ತಮಟೆಯ ಸದ್ದು ಗರ್ಭಗುಡಿಗೆ ಹೋಗಬಹುದು, ಬಡಿದ ಕೈ ಹೋಗುವಂತಿಲ್ಲ. ನಂಬುವ ತಮಟೆಯವನ ಜೊತೆ ನಮಗೆ ಮಾತು ಶುರುವಾಗಬೇಕಾದ ಜಾಗ ಇದು. ದೇವರಿಲ್ಲ ಎಂದರೆ ಅವನು ಎದ್ದು ಹೋಗುತ್ತಾನೆ. ಯಾಕಣ್ಣಾ ನೀನು ಹೊರಗೆ ಎಂದರೆ ಬೀಡಿ ಹಚ್ಚಿ ಕೂರುತ್ತಾನೆ.

1986ರಲ್ಲಿ ಸೊರಬ ತಾಲ್ಲೂಕಿನ ಚಂದ್ರಗುತ್ತಿಯಲ್ಲಿ ಇದು ಕಣ್ಣಿಗೆ ಹೊಡೆಯುವಂತೆ ಕಂಡಿತು. ರೇಣುಕಾಂಬೆಯ ಜಾತ್ರೆಯಲ್ಲಿ ಬೆತ್ತಲೆ ಸೇವೆ. ತಡೆಯಲು ಹೋದ ಚಳವಳಿಯವರಿಗೂ ಪೊಲೀಸರಿಗೂ ಭಕ್ತರ ಗುಂಪಿನಿಂದ ಏಟು ಬಿತ್ತು. ಬಟ್ಟೆ ಹರಿದರು, ಹೆಣ್ಣು ಪೊಲೀಸರನ್ನೂ ಬಿಡಲಿಲ್ಲ. ಆಮೇಲೆ ಸರ್ಕಾರ ಬೆತ್ತಲೆ ಸೇವೆಯನ್ನು ನಿಷೇಧಿಸಿತು. ನಿಷೇಧ ಬಂದದ್ದು ಗೆಲುವೇ. ಆದರೆ ಬೆತ್ತಲಾಗಿ ಹರಕೆ ತೀರಿಸಲು ಬಂದವರಲ್ಲಿ ನಮ್ಮ ದಲಿತ, ಹಿಂದುಳಿದ ಜಾತಿಯ ಬಡ ಹೆಂಗಸರೇ ಹೆಚ್ಚು ಎಂಬುದನ್ನು ಮರೆಯುವಂತಿಲ್ಲ. ಯಾವ ರೋಗಕ್ಕೆ, ಯಾವ ಮಗುವಿಗಾಗಿ ಆ ಹರಕೆ ಹೊತ್ತೆ ತಾಯಿ ಎಂದು ಜಾತ್ರೆಗೆ ಒಂದು ವರ್ಷ ಮೊದಲೇ ಅವರ ಮನೆಗೆ ಹೋಗಿ ಕೇಳಬೇಕಾದ ಪ್ರಶ್ನೆ ಇರುತ್ತದೆ. ಜಾತ್ರೆಯ ದಿನ ಮೈಕಿನಲ್ಲಿ ಕೇಳಿದರೆ ಅದು ಅವರ ಕಿವಿಗೆ ಬೈಗುಳವಾಗಿಯೇ ಬೀಳುತ್ತದೆ.

ಕೊನೆಗೆ ನಮ್ಮ ಕೋಣೆಯ ಗೋಡೆ. ಬಾಬಾಸಾಹೇಬರು 1930ರ ಮಾರ್ಚ್ 2ರಿಂದ ನಾಸಿಕದ ಕಾಳಾರಾಮ ಗುಡಿಯ ಬಾಗಿಲಲ್ಲಿ ಸತ್ಯಾಗ್ರಹ ಮಾಡಿಸಿದರು. ವರ್ಷಗಟ್ಟಲೆ ಕೇಳಿದರೂ ಬಾಗಿಲು ತೆರೆಯಲಿಲ್ಲ. 1935ರ ಅಕ್ಟೋಬರ್ 13ರಂದು ಯೇವಲಾದಲ್ಲಿ, ಹಿಂದೂವಾಗಿ ಸಾಯುವುದಿಲ್ಲ ಎಂದರು. ಹೇಳಿದ್ದನ್ನು ಮಾಡಿ ತೋರಿಸಲು ಇನ್ನೂ 21 ವರ್ಷ ಓದಿದರು, ಬೇರೆ ಬೇರೆ ಧರ್ಮದವರನ್ನು ಕೇಳಿದರು. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬೌದ್ಧರಾದರು. ಅಲ್ಲಿ ಜನರಿಗೆ ಬೋಧಿಸಿದ 22 ಪ್ರತಿಜ್ಞೆಗಳಲ್ಲಿ ಬ್ರಹ್ಮ, ವಿಷ್ಣು, ಮಹೇಶ್ವರರನ್ನು ದೇವರೆಂದು ಒಪ್ಪುವುದಿಲ್ಲ ಎಂಬುದರ ಜೊತೆಗೆ, ಬುದ್ಧ ವಿಷ್ಣುವಿನ ಅವತಾರ ಎಂಬುದನ್ನೂ ನಂಬುವುದಿಲ್ಲ ಎಂದಿದೆ. ಕೇಳುವವನನ್ನೇ ದೇವರು ಮಾಡಿ ಬಾಯಿ ಮುಚ್ಚಿಸುವ ವಿದ್ಯೆ ಈ ದೇಶಕ್ಕೆ ಚೆನ್ನಾಗಿ ಗೊತ್ತು. ಅದಕ್ಕೇ ಆ ಎಚ್ಚರ. 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ, ರಾಜಕೀಯದಲ್ಲಿ ಭಕ್ತಿ ಬಂದರೆ ಅದು ಸರ್ವಾಧಿಕಾರಕ್ಕೆ ದಾರಿ ಎಂದು ಎಚ್ಚರಿಸಿದವರೂ ಅವರೇ. ಈಗ ಅವರ ಪಟಕ್ಕೇ ಕುಂಕುಮ ಇಟ್ಟು, ಕಾಯಿ ಒಡೆದು, ಕರ್ಪೂರ ಬೆಳಗುವ ಜಯಂತಿಗಳು ನಮ್ಮಲ್ಲೇ ನಡೆಯುತ್ತಿವೆ. ಆ ಗೆಳೆಯರನ್ನೂ ಕೇಳೋಣ: ಕರ್ಪೂರದ ಹೊಗೆಯಲ್ಲಿ ಅವರ ಕೈಯಲ್ಲಿರುವ ಪುಸ್ತಕ ಕಾಣುತ್ತದೆಯೇ?

ಈ ರಜೆಗೆ ಊರಿಗೆ ಹೋಗುವವರು ಒಂದು ನೋಟ್‌ಬುಕ್ ಜೊತೆಗಿಟ್ಟುಕೊಳ್ಳಿ. ಊರ ಗುಡಿಯ ಹೆಸರಿನಲ್ಲಿ ಎಷ್ಟು ಎಕರೆ ಜಮೀನಿದೆ, ಪಹಣಿಯಲ್ಲಿ ಯಾರ ಹೆಸರಿದೆ, ಉಳುವವರು ಯಾರು, ಜಾತ್ರೆಗೆ ಕೇರಿಯಿಂದ ಎಷ್ಟು ವಸೂಲಿ, ಊಟದ ಪಂಕ್ತಿ ಕೇರಿಯವರಿಗೆ ಎಲ್ಲಿ, ಎಷ್ಟು ಹೊತ್ತಿಗೆ ಎಂಬುದನ್ನು ಯಜಮಾನರನ್ನೇ ಕೇಳಿ ಬರೆದುಕೊಳ್ಳಿ. ಒಬ್ಬೊಬ್ಬರೇ ಹೋಗಬೇಡಿ, ಇಬ್ಬರು ಮೂವರು ಸೇರಿ ಹೋಗಿ. ರಾತ್ರಿ ಅವ್ವನ ಹತ್ತಿರ ಕೂತು, ಯಾವ ಹರಕೆಯನ್ನು ಯಾವ ವರ್ಷ ಯಾಕೆ ಹೊತ್ತಳು ಎಂದು ಕೇಳಿ, ಅವಳು ಹೇಳಿದ ಹಾಗೇ ಅದನ್ನೂ ಬರೆದುಕೊಳ್ಳಿ. ಮುಂದಿನ ಸಭೆಯಲ್ಲಿ ಭಾಷಣ ಬೇಡ, ಎರಡನ್ನೂ ಓದೋಣ.

ಜೈ ಭೀಮ್.